ಬೇರೆಯವರ ಹೆಸರಿನ ಕೆಳಗೆ

ಕೆಲಸ ಬಿಟ್ಟ ದಿನ ನನಗೆ ಯಾರೂ ಹಾರ ಹಾಕಲಿಲ್ಲ, ಶಾಲು ಹೊದಿಸಲಿಲ್ಲ. ಅದಕ್ಕೆ ಬೇಜಾರಿಲ್ಲ. ಬೇಜಾರೇನು ಅಂದರೆ, ಇವತ್ತಿಗೂ ಫೋನು ಟಿಣ್ ಅಂದರೆ ನನ್ನ ಎದೆ ಒಂದು ಸಲ ನಿಂತು ಮುಂದಕ್ಕೆ ಹೋಗುತ್ತೆ. ಈಗ ಬೀದಿಗೊಂದು ಗುಂಪು, ಕಸುಬಿಗೊಂದು ಚರ್ಚೆಯ ಜಾಗ ಇಂಟರ್ನೆಟ್ಟಿನಲ್ಲಿ ಎದ್ದಿವೆ. ನೋಡಿಕೊಳ್ಳೋಕೆ ಹುಡುಗರನ್ನು ಸಂಬಳಕ್ಕೆ ಇಡುತ್ತಾರೆ. ನೆರಳಲ್ಲಿ ಕೂತು ಮಾಡುವ ಸುಖದ ಕೆಲಸ ಅಂದುಕೊಂಡು ಬರುವ ಆ ಹುಡುಗರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಪುಟ್ಟಸ್ವಾಮಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕಡೆ, ಕುದಿಯುವ ನೀರಿನ ತೊಟ್ಟಿ ಮುಂದೆ ಕೂತು ವರ್ಷಗಟ್ಟಲೆ ಗೂಡಿನ ಎಳೆ ಹಿಡಿದೆ. ಬೆರಳ ತುದಿ ಬೆಂದು ಬೆಂದು ಎಷ್ಟು ನುಣುಪಾಗಿತ್ತು ಅಂದರೆ, ಆಮೇಲೆ ಬಂದ ಫೋನುಗಳು ನನ್ನ ಹೆಬ್ಬೆಟ್ಟನ್ನು ಬೆರಳು ಅಂತಲೇ ಒಪ್ಪಲಿಲ್ಲ. ಅಂಥ ಬೆರಳಲ್ಲೇ ಕನ್ನಡ ಟೈಪಿಂಗ್ ಕಲಿತೆ, ಯಾರ ಹತ್ತಿರಾನೂ ಹೇಳಿಸಿಕೊಳ್ಳದೆ. ಈ ಒಂದು ವಿಷಯದಲ್ಲಿ ನನಗೆ ಜಂಬ ಇದೆ, ಮುಚ್ಚಿಡೋದಿಲ್ಲ.

ನನ್ನನ್ನು ಕೆಲಸಕ್ಕೆ ಇಟ್ಟುಕೊಂಡವರು ಸೋಮಶೇಖರ್ ಅಂತ, ನಾವೆಲ್ಲ ಯಜಮಾನ್ರು ಅನ್ನುತ್ತಿದ್ದೆವು. ರಾಮನಗರದಲ್ಲಿ ಹುಳ ಸಾಕುವ ಸಾಮಾನಿನ ಅಂಗಡಿ, ಕನಕಪುರದ ಕಡೆ ಒಂದು ಚಾಕಿ ಕೇಂದ್ರ. ಚಾಕಿ ಅಂದರೆ ಮೊಟ್ಟೆ ಒಡೆದ ಮರಿ ಹುಳಗಳನ್ನು ಎರಡು ಜ್ವರ ದಾಟುವ ತನಕ ಸಾಕಿ ರೈತರಿಗೆ ಮಾರೋದು. ಹುಳ ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಅವರೇ ಇಂಟರ್ನೆಟ್ಟಿನಲ್ಲಿ 'ಚಂದ್ರಂಕಿ ಕಟ್ಟೆ' ಅಂತ ಒಂದು ಮಾತುಕತೆಯ ಜಾಗ ಮಾಡಿದ್ದರು. ಚಂದ್ರಂಕಿ ಅಂದರೆ ಹಣ್ಣಾದ ಹುಳ ಗೂಡು ಕಟ್ಟೋಕೆ ಬಿಡುವ ಬಿದಿರಿನ ತಟ್ಟಿ. ರೈತರು, ನೂಲು ಬಿಚ್ಚುವವರು, ಹಿಪ್ಪುನೇರಳೆ ಸೊಪ್ಪು ಮಾರುವವರು ಎಲ್ಲ ಅಲ್ಲಿ ಸದಸ್ಯರು. ಮಾಗಡಿಯವನು ಹುಳಕ್ಕೆ ರೋಗ ಬಂತು ಅಂತ ಫೋಟೊ ಹಾಕಿದರೆ ಚನ್ನಪಟ್ಟಣದವನು ಮದ್ದು ಹೇಳೋನು. ಒಳ್ಳೆ ಜಾಗ ಅದು. ಸುಳ್ಳು ಯಾಕೆ ಹೇಳಲಿ.

ಸದಸ್ಯರಲ್ಲಿ ಅರ್ಧ ಜನಕ್ಕೆ ಟೈಪ್ ಮಾಡೋಕೆ ಬರದು. ಅವರು ನನಗೆ ಧ್ವನಿ ಕಳಿಸೋರು. ನಾನು ಅದನ್ನು ಕೇಳಿ, ಬರೆದು, ಅವರ ಹೆಸರಿನ ಕೆಳಗೆ ಹಾಕೋದು. ಇದಲ್ಲದೆ ಯಾರು ಏನೇ ಬರೆದಿದ್ದರೂ ಅದರ ಪಕ್ಕ ಒಂದು ಗುಂಡಿ, 'ತಿದ್ದು' ಅಂತ. ಅದು ನನಗೂ ಯಜಮಾನ್ರಿಗೂ ಮಾತ್ರ ಕಾಣೋದು. ತಿದ್ದಿದರೆ ಹೊರಗಿನವರಿಗೆ ಗುರುತು ಸಿಗೋದಿಲ್ಲ. ಹೆಸರು ಅವನದೇ, ಮಾತು ನಮ್ಮದು.

ಶುರುವಿನಲ್ಲಿ ಆ ಗುಂಡಿ ಕಂಡರೆ ನನಗೆ ಭಯ ಇರಲಿಲ್ಲ. ಮೊದಲು ಪೆಟ್ಟು ಕೊಟ್ಟವನು ಅಕ್ಕೂರಿನ ಚಿಕ್ಕಣ್ಣ. ಹಳೇ ಕಾಲದ ರೈತ, ಬಾಯಿ ಜೋರು. ಅವನು 'ಸೊಪ್ಪು ಒಸಿ ಬಲಿತೈತೆ' ಅಂತ ಹೇಳಿದ್ದನ್ನು ನಾನು 'ಸೊಪ್ಪು ಸ್ವಲ್ಪ ಬಲಿತಿದೆ' ಅಂತ ಅಂದಗೊಳಿಸಿ ಹಾಕಿದೆ. ಮಾರನೇ ದಿನ ಫೋನು.

"ಏನ್ಲಾ ಪುಟ್ಸಾಮಿ, ನಮ್ಮ ಸೊಸೆ ಓದ್‌ಬುಟ್ಟು 'ಮಾವ, ಇದು ನಿಮ್ದಲ್ಲ, ಯಾರೋ ಮೇಷ್ಟ್ರು ಬರ್ದವ್ರೆ' ಅಂತಾಳೆ. ನನ್ ನಾಲ್ಗೆಗೆ ಏನಾಗಿತ್ಲಾ? ನೀನ್ಯಾಕೆ ಮದ್ವೆ ಹೆಣ್ಣಿಗೆ ಮಾಡ್ದಂಗೆ ಅಲಂಕಾರ ಮಾಡ್ದೆ?"

ಅವತ್ತಿಂದ ಒಂದು ಪದ್ಧತಿ ಇಟ್ಟುಕೊಂಡೆ. ಬರೆದದ್ದನ್ನು ಫೋನಿನಲ್ಲಿ ಅವರಿಗೇ ಓದಿ ಹೇಳೋದು. ಅವರು 'ಹ್ಞೂ, ಹಾಕು' ಅಂದರೇ ಹಾಕೋದು. ಅಂದಿಲ್ಲ ಅಂದರೆ ಇಲ್ಲ.

ಆಮೇಲೆ ಹಾರೋಹಳ್ಳಿಯ ಒಬ್ಬ. ಹಗಲು ಫ್ಯಾಕ್ಟರಿ ಕೆಲಸ, ಮನೆಯಲ್ಲಿ ಹುಳ. ಸೊಪ್ಪು ಮಾರಿದವನನ್ನು ಬಾಯಿಗೆ ಬಂದ ಹಾಗೆ ಬೈದು ಬರೆದಿದ್ದ. ನಾನು ಅಳಿಸೋಣ ಅಂದೆ. ಯಜಮಾನ್ರು ಕೇಳಲಿಲ್ಲ. "ಬೈಗುಳ ತೆಗ್ದು ಮರ್ಯಾದೆ ಮಾತು ಹಾಕು, ಚರ್ಚೆ ಉಳ್ಕೊಳ್ಳುತ್ತೆ" ಅಂದರು. ಅವನ ಬೈಗುಳದ ಜಾಗದಲ್ಲಿ 'ಮಹನೀಯರು' ಅಂತ ಬಂತು. ಮೂರನೇ ದಿನ ಅವನು ಇಬ್ಬರನ್ನು ಕರೆದುಕೊಂಡು ಅಂಗಡಿಗೇ ಬಂದ. ಕೂಗಲಿಲ್ಲ. ಬಾಗಿಲು ಎಳೆದು, ಅದಕ್ಕೆ ಒರಗಿ ನಿಂತ.

"ನಾನು ಅವ್ನ ಕಾಲಿಗೆ ಬಿದ್ದೆ ಅಂತ ಊರೇ ನಗ್ತಾ ಐತೆ. ನಾನ್ ಯಾವಾಗಣ್ಣ ಬಿದ್ದೆ? ತೋರ್ಸು."

ನಾನು ಮೇಜಿನ ಹಿಂದಿಂದ ಏಳಲೇ ಇಲ್ಲ. ಪೂರ್ತಿ ಅಳಿಸಿ ತೋರಿಸಿದ ಮೇಲೆ ಹೋದ. ಅಳಿಸಿದ್ದಕ್ಕೆ ಅವನಿಗೆ ಸಿಟ್ಟೇ ಇರಲಿಲ್ಲ ನೋಡಿ! 'ನಿಮ್ ಜಾಗ, ಅಳಿಸ್ಕೊಳ್ಳಿ' ಅಂದ. ಸಿಟ್ಟು ಬಂದಿದ್ದು ಅವನು ಆಡದ ಮಾತಿಗೆ.

ಅವತ್ತು ಯಜಮಾನ್ರ ಹತ್ತಿರ ಮಾತು ಎತ್ತಿದೆ. "ಈ ತಿದ್ದೋ ಗುಂಡಿ ಬ್ಯಾಡಿ ಸಾರ್. ಕೆಟ್ಟದಿದ್ರೆ ಅಳಿಸೋಣ. ತಪ್ಪಿದ್ರೆ ಕೆಳಗೆ ನಮ್ಮ ಹೆಸರಲ್ಲಿ 'ಇದು ತಪ್ಪು' ಅಂತ ಬರೆಯೋಣ."

ಅವರು ನಕ್ಕರು. "ಜಾಗ ನಂದು, ಖರ್ಚು ನಂದು. ನನ್ ಗೋಡೆ ಮೇಲೆ ಬರ್ದಿದ್ನ ನಾನು ಸುಣ್ಣ ಬಳೀಬಾರ್ದೇನಯ್ಯ?"

"ಬಳೀರಿ ಸಾರ್. ಆದ್ರೆ ಅವ್ನ ರುಜು ಹಂಗೇ ಬಿಟ್ಟು, ಮೇಲಿಂದು ಮಾತ್ರ ಬಳಿದು ಬೇರೆ ಬರೀಬ್ಯಾಡಿ."

"ನೀನು ತುಂಬಾ ಯೋಚ್ನೆ ಮಾಡ್ತೀಯ ಪುಟ್ಸಾಮಿ" ಅಂದು ಎದ್ದು ಹೋದರು. ಅವರು ಕೆಟ್ಟವರಲ್ಲ. ನನ್ನ ಹೆಂಡತಿಗೆ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ನನ್ನ ಜೊತೆ ಕೂತಿದ್ದವರು. ಅದಕ್ಕೇ ಮುಂದೆ ನಡೆದದ್ದು ನನಗೆ ಇನ್ನೂ ಹೆದರಿಕೆ ತರೋದು. ಒಳ್ಳೆಯವರ ಕೈಯಲ್ಲೂ ಆ ಗುಂಡಿ ಅಂಥದ್ದು ಮಾಡಿಸುತ್ತೆ.

ರಹಮತ್ ಅಂತ ನೂಲು ಬಿಚ್ಚುವವರು ಒಬ್ಬರಿದ್ದರು. ಹತ್ತು ಜನಕ್ಕೆ ಕೆಲಸ ಕೊಟ್ಟಿದ್ದವರು. ನಾನು ಹುಡುಗನಾಗಿದ್ದಾಗ ಅವರ ತಂದೆಯ ಹತ್ತಿರವೇ ತೊಟ್ಟಿಗೆ ಕೂತಿದ್ದು. ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದೋಕೆ ಬರೋಲ್ಲ. ಅದನ್ನು ಹೊರಗೆ ಹೇಳಿಕೊಳ್ಳುತ್ತಿರಲಿಲ್ಲ. ನನಗೆ ಮಾತ್ರ ಗೊತ್ತಿತ್ತು. ಒಂದು ಬೆಳಗ್ಗೆ ಧ್ವನಿ ಕಳಿಸಿದರು. ಕೇಳಿ ಬರೆದೆ, ಓದಿ ಹೇಳಿದೆ. ಅದರಲ್ಲಿ ಇದ್ದದ್ದು ಇಷ್ಟು: ಅಕ್ಕೂರಿನ ಗೂಡು ಈ ಸಲ ಎಳೆ ಕಿತ್ತು ಕಿತ್ತು ಬರುತ್ತಿದೆ. ಅವರು ಹುಳ ಚೆನ್ನಾಗಿ ಸಾಕುವ ಜನ, ಅದು ನನಗೆ ಗೊತ್ತು. ಎಲ್ಲರೂ ಒಂದೇ ಚಾಕಿ ಕೇಂದ್ರದಿಂದ ಮರಿ ತಂದಿದ್ದಾರೆ. ಮರಿ ಕೊಟ್ಟವರನ್ನು ಕೇಳಬೇಕು.

"ಹ್ಞೂ ಭಾಯ್, ಹಾಕು" ಅಂದರು. ಹಾಕಿದೆ. ಹಾಕಿ, ಫೋನು ತುಂಬಿತ್ತು ಅಂತ ಎಂದಿನ ಹಾಗೆ ಧ್ವನಿಗಳನ್ನೆಲ್ಲ ಅಳಿಸಿದೆ. ಆ ಚಾಕಿ ಕೇಂದ್ರ ಯಜಮಾನ್ರದ್ದು ಅಂತ ನನಗೆ ಹೊಳೆಯಲಿಲ್ಲವೇ ಅಂದರೆ, ಹೊಳೆದಿತ್ತು. ಬೇಡ ಅನ್ನಿಸಿದರೆ ಅಳಿಸುತ್ತಾರೆ ಬಿಡು ಅಂದುಕೊಂಡೆ.

ಮಾರನೇ ಬೆಳಗ್ಗೆ ಚಿಕ್ಕಣ್ಣನ ಫೋನು. ಈ ಸಲ ಬಾಯಿ ಜೋರಿರಲಿಲ್ಲ. ಅದೇ ನನಗೆ ಮೊದಲ ಹೆದರಿಕೆ.

"ಪುಟ್ಸಾಮಿ, ಸಾಬ್ರು ನಮ್ಮೂರ್ನೋರು ಹುಳಕ್ಕೆ ಸೊಪ್ಪು ಹಾಕಲ್ಲ ಅಂದವ್ರಲ್ಲ, ನೀನು ಓದಿದ್ಯಾ?"

ತೆರೆದು ನೋಡಿದೆ. ರಹಮತ್ ಹೆಸರು, ಅವರ ಫೋಟೊ, ಕೆಳಗೆ: 'ಅಕ್ಕೂರಿನ ಗೂಡು ಎಳೆ ಕಿತ್ತು ಬರುತ್ತಿದೆ. ಅಲ್ಲಿನವರು ಹುಳಕ್ಕೆ ಸರಿಯಾಗಿ ಸೊಪ್ಪು ಹಾಕುವುದಿಲ್ಲ. ಅವರ ಗೂಡು ಯಾರೂ ತೆಗೆದುಕೊಳ್ಳಬೇಡಿ.' ಚಾಕಿಯ ಮಾತೇ ಇಲ್ಲ.

ನಮ್ಮ ಕಡೆ ಹುಳಕ್ಕೆ ಸೊಪ್ಪು ಹಾಕೋಲ್ಲ ಅನ್ನೋದು ಮಕ್ಕಳಿಗೆ ಅನ್ನ ಹಾಕೋಲ್ಲ ಅಂದ ಹಾಗೆ. ಯಜಮಾನ್ರಿಗೆ ಫೋನು ಮಾಡಿದೆ.

"ಒಂದೆರಡು ದಿನ ಕಿರುಚ್ತಾರೆ, ಸುಮ್ನಾಯ್ತಾರೆ" ಅಂದರು. "ನಿನ್ ಹೆಸ್ರು ಎಲ್ಲೂ ಇಲ್ವಲ್ಲ, ನಿಂಗ್ಯಾಕೆ ತಲೆನೋವು?"

"ಅವ್ರ ಹೆಸ್ರು ಐತಲ್ಲ ಸಾರ್."

ಫೋನು ಇಟ್ಟರು. ಆ ಬರಹವನ್ನು ನಾನೇ ಅಳಿಸಬಹುದಿತ್ತು, ಯಜಮಾನ್ರನ್ನು ಮೀರೋಕೆ ಕೈ ಬರಲಿಲ್ಲ. ರಹಮತ್‌ಗೆ ಮಾಡಿದೆ, ಎತ್ತಲಿಲ್ಲ. ಆ ಹೊತ್ತಿಗೆ ಅವರು ಗೂಡಿನ ಮಾರುಕಟ್ಟೆಯಲ್ಲಿದ್ದರು. ನಾನು ಓಡಿ ಹೋಗುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಅಕ್ಕೂರಿನವರು ನಾಲ್ಕೈದು ಜನ ಸುತ್ತ ನಿಂತು, ಫೋನು ಮುಖದ ಮುಂದೆ ಹಿಡಿದು, "ಇದನ್ನ ಹೇಳ್ದೋರು ನೀವೇನಾ?" ಅಂತ ಕೇಳಿದ್ದಾರೆ. ರಹಮತ್ ಆ ಅಕ್ಷರಗಳನ್ನು ನೋಡಿದ್ದಾರೆ, ಓದೋಕೆ ಬರೋಲ್ಲ ಅನ್ನೋದಕ್ಕೆ ನಾಚಿಕೆ. ನಿನ್ನೆ ತಾವು ಹೇಳಿದ್ದೇ ಅದು ಅಂದುಕೊಂಡು ಎದೆ ಎತ್ತಿ, "ನಾನೇ ಹೇಳಿದ್ದು. ನಿಜಾನೇ ಹೇಳಿದ್ದು. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ" ಅಂದುಬಿಟ್ಟಿದ್ದಾರೆ.

ನಾನು ಹೋದಾಗ ಅಕ್ಕೂರಿನವರು ಗೂಡು ವಾಪಸ್ ಚೀಲಕ್ಕೆ ತುಂಬಿಕೊಂಡು ಹೊರಟಿದ್ದರು. ಒಬ್ಬ ಹೋಗ್ತಾ ಹೋಗ್ತಾ ತಿರುಗಿ, "ಹಂಗಾದ್ರೆ ಊರಿಗೇ ಬನ್ನಿ ಸಾಬ್ರೆ, ಅಲ್ಲೇ ಹೇಳೀರಂತೆ" ಅಂದ.

ಮೊಬೈಲು ತೆಗೆದರೆ ಕಟ್ಟೆಯಲ್ಲಿ ಆ ಬರಹದ ಕೆಳಗೆ ಮಾತು ಬೆಳೆಯುತ್ತಾ ಇತ್ತು. ಮೊದಲು ಊರಿನ ಸಿಟ್ಟು. ಆಮೇಲೆ ಯಾರೋ ಗೊತ್ತಿಲ್ಲದವನು, ಯಾವ ಊರಿನವನೋ, 'ಇವರ ಜನಾನೇ ಇಷ್ಟು' ಅಂತ ಬರೆದ. ಅದನ್ನು ಅಳಿಸಿದೆ. ಮತ್ತೆ ಇನ್ನೊಬ್ಬ. ಅಳಿಸಿದೆ. ಮೂರನೆಯವನು ರಹಮತ್ ಅವರ ಬೀದಿಯ ಹೆಸರು ಬರೆದ. ಅದನ್ನೂ ಅಳಿಸಿ ಓಡಿದೆ.

ರಹಮತ್ ಮನೆಗೆ ಹೋದರೆ ಅವರು ಸ್ಕೂಟರ್ ಒರೆಸುತ್ತಾ ನಿಂತಿದ್ದರು.

"ಎಲ್ಲಿಗೆ ರಹಮತ್ ಭಾಯ್?"

"ಅಕ್ಕೂರಿಗೆ. ಕರ್ದವ್ರೆ. ಹೋಗ್ಲಿಲ್ಲ ಅಂದ್ರೆ ಹೆದರಿಕೊಂಡ ಅಂತಾರೆ. ಆ ಜನ ನಂಗೆ ಗೊತ್ತು, ಕೂತು ಮಾತಾಡಿದ್ರೆ ಚಾಕಿ ವಿಷ್ಯ ಒಪ್ತಾರೆ."

ಆ ಮನುಷ್ಯನಿಗೆ ತಾನು ಎಲ್ಲಿಗೆ ಹೋಗುತ್ತಿದ್ದೇನೆ ಅಂತಲೇ ಗೊತ್ತಿಲ್ಲ! ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು, ಅವರೆದುರು ಬಾಯಿ ಬಿಡೋಕೆ ಆಗಲಿಲ್ಲ. "ನಾನೂ ಬತ್ತೀನಿ" ಅಂತ ಹಿಂದೆ ಹತ್ತಿದೆ. ಚನ್ನಪಟ್ಟಣದ ಒಂದು ಟೀ ಅಂಗಡಿಯಲ್ಲಿ ನಿಲ್ಲಿಸಿ, ಅವರ ಹೆಸರಿನ ಕೆಳಗೆ ಈಗ ಏನಿದೆ ಅನ್ನೋದನ್ನು ಓದಿ ಹೇಳಿದೆ.

ಅವರು ಟೀ ಲೋಟ ಪಕ್ಕಕ್ಕೆ ಸರಿಸಿದರು.

"ಮಾರುಕಟ್ಟೇಲಿ ಹೌದು ಅಂದೆನಲ್ಲ ಭಾಯ್."

"ಹ್ಞೂ."

"ನನ್ ಬಾಯಲ್ಲಿ ಇನ್ಯಾರೋ ಕೂತು ಮಾತಾಡ್ತಾರೆ ಅಂದ್ರೆ, ಅದು ಜಿನ್ನೇ. ತಾಯ್ತ ಕಟ್ಟಿಸ್ಬೇಕಿತ್ತು, ನಾನು ಮೊಬೈಲ್ ರೀಚಾರ್ಜ್ ಮಾಡಿಸ್ದೆ." ನಕ್ಕರು. ನಗು ಅರ್ಧಕ್ಕೇ ನಿಂತಿತು. "ವಾಪಸ್ ಹೋಗಾಣ್ವಾ?"

ನನಗೂ ಅದೇ ಬೇಕಿತ್ತು. ಆದರೆ ವಾಪಸ್ ಹೋದರೆ ಅಕ್ಕೂರಿನವರು ಇವರ ಬೀದಿಗೇ ಬರುತ್ತಾರೆ, ಜೊತೆಗೆ ಕಟ್ಟೆಯಲ್ಲಿ ಬರೆದ ಆ ಗೊತ್ತಿಲ್ಲದವರೂ ಬರುತ್ತಾರೆ. "ಮೊದ್ಲು ನಾನೊಂದು ಬರೀತೀನಿ ಇರಿ" ಅಂದೆ. ಅಲ್ಲೇ ಕೂತು ಕಟ್ಟೆಯಲ್ಲಿ ನನ್ನ ಹೆಸರಲ್ಲಿ ಬರೆದೆ: 'ಮೇಲಿನ ಮಾತು ರಹಮತ್ ಅವರದಲ್ಲ. ಅವರು ಹೇಳಿದ್ದು ಬೇರೆ. ಅದನ್ನು ತಿದ್ದಲಾಗಿದೆ. ಪುಟ್ಟಸ್ವಾಮಿ, ಉಸ್ತುವಾರಿ.' ಜೀವನದಲ್ಲಿ ಯಜಮಾನ್ರಿಗೆ ಎದುರು ಹೋದದ್ದು ಅದೇ ಮೊದಲು. ಕೆಲಸ ಹೋಯ್ತು ಅಂತ ಗೊತ್ತಾಯಿತು. ಹೋಗಲಿ ಬಿಡು ಅಂತ ಸ್ಕೂಟರ್ ಹತ್ತಿದೆವು.

ಚಿಕ್ಕಣ್ಣನ ಹುಳದ ಮನೆ ತೋಟದ ಅಂಚಿನಲ್ಲಿತ್ತು. ಇಪ್ಪತ್ತಕ್ಕಿಂತ ಜಾಸ್ತಿ ಜನ ನಿಂತಿದ್ದರು. ಒಳಗೆ ಹುಳ ನಾಲ್ಕನೇ ಜ್ವರ ಎದ್ದು ಬಿರುಸಾಗಿ ಮೇಯುವ ಹೊತ್ತು. ಆ ಹೊತ್ತಿನಲ್ಲಿ ಹುಳದ ಮನೆ ಹತ್ತಿರ ಯಾರೂ ಗಲಾಟೆ ಮಾಡೋಲ್ಲ, ಬೀಡಿ ಹಚ್ಚೋಲ್ಲ, ಹೊರಗಿನವರನ್ನು ಬಾಗಿಲಿಗೆ ಬಿಡೋಲ್ಲ. ಹಂಗಾಗಿ ಆ ಇಪ್ಪತ್ತು ಜನವೂ ಪಿಸುಮಾತಲ್ಲೇ ಸಿಟ್ಟು ಮಾಡುತ್ತಿದ್ದರು. ಕೂಗಾಡುವ ಗುಂಪನ್ನು ನಾನು ನೋಡಿದ್ದೇನೆ, ಗೂಡಿನ ಹರಾಜು ಕೂಗುವ ಸವಾಲಿನಲ್ಲಿ ದಿನಾ ಕೂಗಾಟವೇ. ಪಿಸುಗುಡುವ ಗುಂಪಿನ ನಡುವೆ ನಿಂತದ್ದು ಅದೊಂದೇ ಸಲ. ಒಳಗೆ ಹುಳ ಸೊಪ್ಪು ಕಡಿಯುವ ಸದ್ದು, ಹೊರಗೆ ಇವರ ಉಸಿರಿನ ಸದ್ದು.

"ಏನ್ ಸಾಬ್ರೆ, ನಮ್ ಹುಳ ಉಪ್ವಾಸ ಅವಂತಾ?" ಒಬ್ಬ ಕಿವಿಯ ಹತ್ತಿರ ಬಂದು ಕೇಳಿದ.

ನಾನು ಮುಂದೆ ಹೋದೆ. "ಆ ಮಾತು ಇವ್ರದಲ್ಲ. ಇವ್ರು ಹೇಳಿದ್ನ ಕೇಳಿ ಬರ್ದವನು ನಾನು. ಆಮೇಲೆ ತಿದ್ದವ್ರೆ. ನಾನು ಈಗಷ್ಟೇ ಕಟ್ಟೇಲಿ ಬರ್ದಿದ್ದೀನಿ, ನೋಡ್ಕೊಳ್ಳಿ."

"ನೋಡುದ್ವಿ" ಅಂದ ಚಿಕ್ಕಣ್ಣ. ಸೊಸೆ ಜಯಮ್ಮನ ಕಡೆ ತಿರುಗಿ, "ಓದವ್ವ" ಅಂದ.

ಜಯಮ್ಮ ಸೊಪ್ಪಿನ ಹೊರೆ ಇಳಿಸಿ, ಕೈ ಒರೆಸಿಕೊಂಡು ಓದಿದಳು. 'ಮೇಲಿನ ಮಾತು ರಹಮತ್ ಅವರದೇ. ಅವರು ಹೇಳಿದ್ದನ್ನು ನಾನೇ ಕೇಳಿ ಬರೆದಿದ್ದೇನೆ. ಪುಟ್ಟಸ್ವಾಮಿ, ಉಸ್ತುವಾರಿ.'

ಕಿತ್ತುಕೊಂಡು ನೋಡಿದೆ. ನನ್ನ ಹೆಸರು. ನನ್ನ ಫೋಟೊ. ನನ್ನ ಫೋನು ತೆಗೆದು ಕಟ್ಟೆಯ ಒಳಗೆ ಹೋಗಲು ನೋಡಿದರೆ ಪಾಸ್‌ವರ್ಡ್ ತಪ್ಪು ಅನ್ನುತ್ತಿದೆ, ಯಜಮಾನ್ರು ಬದಲಾಯಿಸಿದ್ದರು. ಇಷ್ಟು ವರ್ಷ ಕಂಡವರ ಮಾತನ್ನು ಕಾಯುವ ಕೆಲಸ ಮಾಡಿದವನ ಬಾಯಿಗೇ ಬೇರೆಯವರ ಮಾತು ತುರುಕಿದ್ದರು. ಆ ಕ್ಷಣದ ಹೆದರಿಕೆಯನ್ನು ಹೇಗೆ ಹೇಳಲಿ? ನಾನೇ ಇಲ್ಲವೇನೋ, ಇರುವವನು ಆ ಫೋನಿನ ಒಳಗಿರುವ ಪುಟ್ಟಸ್ವಾಮಿಯೇನೋ ಅನ್ನಿಸಿತು.

"ಇದೂ ನಿಂದಲ್ಲ ಅಂತೀಯೇನ್ಲಾ?" ಯಾರೋ ಭುಜ ಹಿಡಿದರು. "ಸಾಬ್ರು ಮಾರ್ಕೆಟ್ಟಲ್ಲಿ ಒಪ್ಕೊಂಡವ್ರೆ, ನೀನು ಇಲ್ಲಿ ಒಪ್ಕೊಂಡಿದ್ದೀಯ. ಇನ್ನೇನ್ಲಾ?"

ಗುಂಪು ಒತ್ತರಿಸಿತು. ಆಗ ರಹಮತ್ ಚಿಕ್ಕಣ್ಣನ ಎದುರು ಹೋಗಿ ನಿಂತರು.

"ಚಿಕ್ಕಣ್ಣ, ನಂಗೆ ಕನ್ನಡ ಓದಕ್ಕೆ ಬರಲ್ಲ."

ಅಷ್ಟೇ ಹೇಳಿದರು. ಅವರ ಕೆಲಸಗಾರರಿಗೂ ಹೇಳದ ಮಾತದು. ಚಿಕ್ಕಣ್ಣ ನನ್ನ ಕೈಯಿಂದ ಸೊಸೆಯ ಫೋನು ತಗೊಂಡು ಅವರ ಮುಂದೆ ಹಿಡಿದ.

"ಇದ್ರಾಗೆ ಏನೈತೆ?"

"ಗೊತ್ತಿಲ್ಲ."

"ಮಾರ್ಕೆಟ್ಟಲ್ಲಿ ಹೌದು ಅಂದ್ಯಲ್ಲ."

"ನಾನು ಹೇಳಿದ್ದೇ ಇರುತ್ತೆ ಅಂದ್ಕಂಡೆ. ನಾನು ಹೇಳಿದ್ದು, ಅಕ್ಕೂರಿನವ್ರು ಚೆನ್ನಾಗಿ ಸಾಕ್ತಾರೆ, ಮರಿ ಕೊಟ್ಟವ್ರನ್ನ ಕೇಳಿ ಅಂತ. ನಮ್ಮಪ್ಪನ ಕಾಲದಿಂದ ನಿಮ್ ಗೂಡು ತಿಂದು ಬದ್ಕಿರೋ ಮನೆ ನಮ್ದು. ಹಂಗೆ ಅನ್ನೋ ನಾಲ್ಗೆ ಇಲ್ಲ ನಂಗೆ."

ಚಿಕ್ಕಣ್ಣ ಫೋನನ್ನು ತನ್ನ ಕಡೆ ತಿರುಗಿಸಿ ಒಂದು ಗಳಿಗೆ ನೋಡಿದ. ಆಮೇಲೆ ಗುಂಪಿಗೆ ಹೇಳಿದ.

"ನಂಗೂ ಬರಲ್ಲ ಕಣ್ರಲಾ. ಇವ್ಳು ಓದಿದ್ದೇ ನಂಗೆ ನಿಜ. ನಾಳೆ ನನ್ ಹೆಸ್ರಲ್ಲಿ ಏನ್ ಬರ್ದ್ರೂ ನಾನೂ ಹೌದು ಅಂದ್‌ಬುಡ್ತೀನಿ." ಬಾಗಿಲ ಬಳಿಯ ಬ್ಲೀಚಿಂಗ್ ನೀರಿನ ತೊಟ್ಟಿ ತೋರಿಸಿ, "ಕಾಲು ಅದ್ದು, ಕೈ ತೊಳ್ಕೊ. ಒಳಗ್ ಬಾ. ಹೊಟ್ಟೆ ತುಂಬೈತಾ ಇಲ್ವಾ ನೀನೇ ನೋಡು" ಅಂದ.

ಮೇಯುವ ಹೊತ್ತಿನಲ್ಲಿ ಸ್ವಂತ ನೆಂಟರನ್ನೂ ಹುಳದ ಮನೆಗೆ ಬಿಡದ ಜನ. ಕೊಳ್ಳುವವರನ್ನು ಒಳಗೆ ಕರೆದದ್ದನ್ನು ನಾನು ಕೇಳಿದ್ದೇ ಇಲ್ಲ. ರಹಮತ್ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಕಾಲು ಅದ್ದಿ, ತಲೆ ಬಗ್ಗಿಸಿ ಒಳಗೆ ಹೋದರು. ಭುಜ ಹಿಡಿದಿದ್ದ ಕೈ ಸಡಿಲವಾಯಿತು. ಗುಂಪು ಒಬ್ಬೊಬ್ಬರಾಗಿ ಕರಗಿತು. ಒಬ್ಬ ಮಾತ್ರ, "ಚಾಕಿಯೋನ್ನ ಕೇಳ್ಬೇಕಲ್ಲ ಹಂಗಾದ್ರೆ" ಅಂತ ಗೊಣಗುತ್ತಾ ಹೋದ.

ನಾನೂ ಚಪ್ಪಲಿ ಬಿಟ್ಟೆ. ಬಾಗಿಲಿಂದ ಚಿಕ್ಕಣ್ಣ ತಿರುಗಿ ನೋಡಿದ.

"ನೀನು ಅಲ್ಲೇ ಇರು."

ಅಲ್ಲೇ ಕಲ್ಲಿನ ಮೇಲೆ ಕೂತೆ. ಎಲೈ ಹುಡುಗರಾ, ನಿಮಗೆ ಹೇಳೋದು ಇದೇ ಜಾಗದಿಂದ. ಯಜಮಾನ ಯಾರೇ ಇರಲಿ, ಅಳಿಸುವ ಹಕ್ಕು ಅವನಿಗಿರಲಿ, ಬಾಗಿಲು ಹಾಕುವ ಹಕ್ಕೂ ಇರಲಿ. ಇನ್ನೊಬ್ಬನ ಹೆಸರಿನ ಕೆಳಗಿನ ಮಾತನ್ನು ಮುಟ್ಟುವ ಗುಂಡಿ ಇದ್ದರೆ ಆ ಕೆಲಸಕ್ಕೆ ಹೋಗಬೇಡಿ. ನಾನಂತೂ ಮುಟ್ಟಿಲ್ಲ, ಮುಟ್ಟಿದವರು ಇನ್ಯಾರೋ ಅಂತ ನಾನೂ ಅಂದುಕೊಂಡಿದ್ದೆ.

ಜಯಮ್ಮ ಸೊಪ್ಪು ಬಿಡಿಸುತ್ತಾ ಸ್ವಲ್ಪ ದೂರದಲ್ಲಿ ಕೂತಿದ್ದಳು. ತಲೆ ಎತ್ತದೆ ಕೇಳಿದಳು.

"ಪುಟ್ಸಾಮಣ್ಣ, ಹೋದ ವರ್ಷ ನಮ್ಮನೆಯವ್ರು ತೀರ್ಕೊಂಡಾಗ ಕಟ್ಟೇಲಿ ಅಷ್ಟು ಜನ ಬರ್ದಿದ್ರಲ್ಲ. ಒಳ್ಳೇ ಮನ್ಸ, ಯಾರಿಗೂ ಇಲ್ಲ ಅಂದೋನಲ್ಲ ಅಂತ. ದಿನಾ ಮಾವಂಗೆ ಓದಿ ಹೇಳ್ತಿದ್ದೆ. ಅದ್ನ ಕೇಳಿದ್ಮೇಲೇ ಅವ್ರು ಉಣ್ಣಕ್ಕೆ ಶುರು ಮಾಡಿದ್ದು." ಒಂದು ಕಡ್ಡಿ ಸೊಪ್ಪು ತಗೊಂಡಳು, ಎಲೆ ಕೀಳಲಿಲ್ಲ. "ಅದೆಲ್ಲಾ ಆ ಜನಾನೇ ಬರ್ದಿದ್ದಾ?"

"ಅವ್ರೇ ಕಣವ್ವ" ಅಂದೆ. "ಒಂದೊಂದನ್ನೂ ಓದಿ ಹೇಳಿ ಹಾಕಿದ್ದೀನಿ. ಅವ್ರೇ."

ನಿಜ ಅದು. ಒಂದಕ್ಷರ ಹೆಚ್ಚು ಕಮ್ಮಿ ಇಲ್ಲದ ನಿಜ. ಅವಳು ನನ್ನ ಮುಖ ನೋಡಿದಳು. ಆಮೇಲೆ "ಆಯ್ತು ಬುಡಣ್ಣ" ಅಂದು, ಸೊಪ್ಪಿನ ಹೊರೆ ಎತ್ತಿಕೊಂಡು ಒಳಗೆ ಹೋದಳು.